ಅರ್ಧಕ್ಕೆ ನಿಂತ ಹೊಲಿಗೆ

(ರಾಜ್ಯೋತ್ಸವದ ಅಂಗವಾಗಿ ಸಂಘದ ಮಹಿಳಾ ವಿಭಾಗದ ಪರವಾಗಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯೆಂದರೆ ನಾಡುನುಡಿಗಳ ಹಿರಿಮೆ, ಏಕೀಕರಣದ ಇತಿಹಾಸ, ಕವಿಗಳ ಸ್ಮರಣೆ ನಡೆಯುವ ಸ್ಥಳ. ಅಂಥಲ್ಲಿ ಸೂಜಿ ದಾರಗಳ ಮಾತನ್ನೆತ್ತುವುದು ಕೆಲವರಿಗೆ ಸಣ್ಣದಾಗಿ ತೋರಬಹುದು. ಆದರೆ ಕಾರ್ಯಕಾರಿ ಸಮಿತಿಯವರು ನಮ್ಮನ್ನು ಕೇಳಿದುದು ಇಷ್ಟೆ: "ಮಹಿಳಾ ವಿಭಾಗದವರು ಈ ಎರಡು ವರ್ಷ ಪ್ರತಿ ಶನಿವಾರ ಮಧ್ಯಾಹ್ನ ಕೂಡಿ ಏನು ಮಾಡುತ್ತಿರುವಿರಿ, ಅದನ್ನು ಹೇಳಿರಿ." ನಾವು ಮಾಡಿದುದೂ ಇಷ್ಟೆ: ಯಾರೋ ಆರಂಭಿಸಿ, ಅರ್ಧಕ್ಕೆ ಬಿಟ್ಟು, ಕೊನೆಗೆ ಹಳೆಯ ಸಾಮಾನುಗಳೊಡನೆ ಬೀದಿಗೆ ಬಂದ ಹೊಲಿಗೆಯ ಕೆಲಸಗಳನ್ನು ಕೊಂಡು ತಂದೆವು, ನಮ್ಮ ನಮ್ಮ ಮನಸ್ಸಿಗೆ ತೋರಿದಂತೆ ಅವನ್ನು ಮುಗಿಸಿದೆವು. ಇದನ್ನು ಏಕೆ ಮಾಡಿದೆವು, ಹೇಗೆ ಮಾಡಿದೆವು, ಮಾಡುವಾಗ ನಮ್ಮ ನಡುವೆ ಯಾವ ವಾದ ಎದ್ದಿತು ಎಂಬುದನ್ನು ತಮ್ಮ ಮುಂದೆ ಇಡುತ್ತೇವೆ.

ಇಂಥ ವಸ್ತುಗಳು ಎಲ್ಲಿ ಸಿಗುತ್ತವೆಂದು ಮೊದಲು ಹೇಳಬೇಕು. ಹಳೆಯ ಅರಿವೆಗಳನ್ನು ಪಡೆದು ಪಾತ್ರೆ ಕೊಟ್ಟುಹೋಗುವ ಹೆಂಗಸನ್ನು ಇಲ್ಲಿ ಮರಾಠಿಯಲ್ಲಿ ಬೋಹಾರೀಣ ಎನ್ನುತ್ತಾರೆ. ಅವಳ ಗಂಟಿನಲ್ಲಿ ಉಟ್ಟು ಬಿಟ್ಟ ಸೀರೆಗಳ ಜೊತೆಗೆ ಒಮ್ಮೊಮ್ಮೆ ಇವೂ ಇರುತ್ತವೆ. ಹಳೆಯ ವಾಡೆಗಳನ್ನು ಕೆಡವಿ ಫ್ಲ್ಯಾಟುಗಳನ್ನು ಕಟ್ಟುವಾಗ, ಅಟ್ಟದ ಮೇಲಿನ ಟ್ರಂಕುಗಳು ಕೆಳಗಿಳಿಯುತ್ತವೆ. ಹೊಸ ಮನೆಯಲ್ಲಿ ಟ್ರಂಕಿಗೆ ಎಡೆಯಿಲ್ಲ. ಟ್ರಂಕು ಜೂನಾ ಬಜಾರಿಗೆ ಹೋಗುತ್ತದೆ, ಒಳಗಿನ ವಸ್ತುಗಳು ಎಲ್ಲಿ ಹೋದವೆಂದು ಮನೆಯವರಿಗೂ ತಿಳಿಯುವುದಿಲ್ಲ. ಮುಂಬಯಿಯ ಚೋರ್ ಬಜಾರ್ ಇರಲಿ, ದಿಲ್ಲಿಯ ರಘುಬೀರ್ ನಗರದ ಘೋಡಾ ಮಂಡಿ ಇರಲಿ, ಕಥೆ ಇದೇ. ಹಳೆಯ ಬಟ್ಟೆಗೆ ಒಂದು ಪೇಟೆ ಇರುವಲ್ಲೆಲ್ಲ ಮುಗಿಯದ ಹೊಲಿಗೆಗೂ ಒಂದು ಮೂಲೆ ಇರುತ್ತದೆ.

ಆ ಮೂಲೆಯಲ್ಲಿ ನಮಗೆ ದೊರೆತುವೇನು? ನೀಲಿ ಗೆರೆಯ ನಕ್ಷೆ ಅಚ್ಚಾಗಿದ್ದು, ಕಾಲುಭಾಗ ಮಾತ್ರ ಹೊಲಿದ ಮೇಜುವಸ್ತ್ರಗಳು. ಒಂದಕ್ಕೆ ಹೂವು ತುಂಬಿ ಇನ್ನೊಂದನ್ನು ಬರಿದಾಗಿ ಬಿಟ್ಟ ತಲೆದಿಂಬಿನ ಜೋಡಿ ಗವಸು. ಮ್ಯಾಟಿ ಬಟ್ಟೆಯ ಮೇಲೆ "ಸುಸ್ವಾಗತ" ಎಂಬುದರಲ್ಲಿ "ಸುಸ್ವಾ" ಎಂಬಲ್ಲಿಗೇ ನಿಂತ ಕ್ರಾಸ್ ಸ್ಟಿಚ್. ಕೂಸಿನ ಕುಂಚಿಗೆಯ ಒಂದು ಅಂಚು. ಒಮ್ಮೆ, ಕಪ್ಪು ಒಡಲಿನ ಇಳಕಲ್ಲ ಸೀರೆಯ ಒಂದೂವರೆ ಗಜದ ತುಂಡು. ಅದರ ಮೇಲೆ ನಮ್ಮ ಧಾರವಾಡದ ಕಡೆಯ ಕಸೂತಿ. ಆ ತುಂಡಿನ ವಿಷಯ ಮುಂದೆ ವಿಸ್ತಾರವಾಗಿ ಹೇಳುವುದಿದೆ.

ಅರ್ಧಕ್ಕೆ ಬಿಟ್ಟವರನ್ನು ಸೋಮಾರಿಗಳೆನ್ನುವುದು ಸುಲಭ. ಆದರೆ ಗೃಹಿಣಿಯರಾದ ನಮಗೆ ಹೊಲಿಗೆ ಹೇಗೆ ನಿಲ್ಲುತ್ತದೆಂಬುದು ಗೊತ್ತು. ಹೆರಿಗೆ ಬರುತ್ತದೆ. ಪತಿಗೆ ವರ್ಗವಾಗುತ್ತದೆ. ಅತ್ತೆಯವರು ಹಾಸಿಗೆ ಹಿಡಿಯುತ್ತಾರೆ. ನಲವತ್ತು ದಾಟಿದ ಮೇಲೆ ಕಪ್ಪು ಬಟ್ಟೆಯ ಎಳೆ ಕಣ್ಣಿಗೆ ಸಿಗದು. ದಾರ ತೀರಿದಾಗ ಆ ಬಣ್ಣದ ದಾರ ಅಂಗಡಿಯಲ್ಲಿ ಇರುವುದಿಲ್ಲ. ಮದುವೆಗೆಂದು ಹೊಲಿಯುತ್ತಿದ್ದವಳಿಗೆ ಮದುವೆಯ ದಿನವೇ ಮುಂದಾಗಿ ಬಂದುಬಿಡುತ್ತದೆ. ಸೂಜಿ ಹಿಡಿಯುವ ಬಿಡುವು ಹೆಣ್ಣುಮಗಳ ದಿನದಲ್ಲಿ ಎಲ್ಲಕ್ಕಿಂತ ಕೊನೆಗೆ ಬರುವಂಥದು, ಎಲ್ಲಕ್ಕಿಂತ ಮೊದಲು ಹೋಗುವಂಥದು. ಆದುದರಿಂದ ಅರ್ಧಕ್ಕೆ ನಿಂತ ಒಂದೊಂದು ಬಟ್ಟೆಯೂ ಅವಳ ಬಿಡುವು ಮುಗಿದ ದಿನದ ಗುರುತು. ಹೀಗೆಂದು ತಿಳಿದ ಮೇಲೆ ಅದನ್ನು ನೆಲ ಒರೆಸುವುದಕ್ಕೆ ಬಳಸಲು ಕೈ ಬರುವುದಿಲ್ಲ.

ಇಲ್ಲಿ ನಮ್ಮ ನಾಡಿನ ಸಂಬಂಧದ ಮಾತು ಬರುತ್ತದೆ. ೧೯೫೬ನೆಯ ಇಸವಿಯ ನವೆಂಬರ್ ೧ರವರೆಗೆ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿಯ ಆಡಳಿತಕ್ಕೆ ಸೇರಿದ್ದವು. ಪುಣೆ ಮುಂಬಯಿಗಳೆಂದರೆ ಆ ಕಡೆಯ ಜನಕ್ಕೆ ಪರರಾಜ್ಯವಲ್ಲ. ಓದುವುದಕ್ಕೆ, ನೌಕರಿಗೆ, ವ್ಯಾಪಾರಕ್ಕೆ ಬರುವ ದೊಡ್ಡ ಊರು. ಹಾಗೆ ಬಂದ ಮನೆತನಗಳ ಹೆಣ್ಣುಮಕ್ಕಳು ಇಳಕಲ್ಲ ಸೀರೆ, ಗುಳೇದಗುಡ್ಡದ ಖಣ, ಕೌದಿ, ಕುಂಚಿಗೆಗಳ ಜೊತೆಗೆ ಕಸೂತಿಯನ್ನೂ ತಂದರು. ಏಕೀಕರಣದಿಂದ ನಾಡು ಒಂದಾಯಿತು. ೧೯೭೩ರಲ್ಲಿ ಅದಕ್ಕೆ ಕರ್ನಾಟಕವೆಂಬ ಹೆಸರೂ ಬಂದಿತು. ಗಡಿಯ ಈಚೆಗೆ ಉಳಿದ ಮನೆಗಳಲ್ಲಿ ಆ ಸೂಜಿಗಳು ಎಷ್ಟು ದಿನ ನಡೆದುವು, ಎಲ್ಲಿ ನಿಂತುವು ಎಂಬುದನ್ನು ಯಾರೂ ಬರೆದಿಡಲಿಲ್ಲ. ಆ ಲೆಕ್ಕ ಟ್ರಂಕುಗಳಲ್ಲಿತ್ತು.

ಕಸೂತಿಯೆಂಬ ಹೆಸರನ್ನು ಕೈ ಮತ್ತು ಸೂತಿ, ಅಂದರೆ ಕೈಯ ನೂಲಿನ ಕೆಲಸ ಎಂದು ಬಿಡಿಸಿ ಹೇಳುವ ರೂಢಿಯಿದೆ. ಅದರಲ್ಲಿ ನಾಲ್ಕು ಬಗೆಯ ಹೊಲಿಗೆ. ಗಾವಂತಿ ಸರಳ ಗೆರೆಯದು. ಮುರಗಿ ಮೆಟ್ಟಿಲು ಮೆಟ್ಟಿಲಾಗಿ ಓರೆಯಾಗಿ ಏರುವಂಥದು. ನೇಗಿ, ಹೆಸರೇ ಹೇಳುವಂತೆ, ನೇಯ್ದಂತೆ ಕಾಣುವಂಥದು. ಮೆಂತಿ ಕತ್ತರಿ ಹೊಲಿಗೆ. ಮೆಂತ್ಯದ ಕಾಳಿನಿಂದ ಆ ಹೆಸರು. ಬಟ್ಟೆಯ ಮೇಲೆ ನಕ್ಷೆ ಬರೆದುಕೊಳ್ಳುವಂತಿಲ್ಲ, ಎಳೆಗಳನ್ನು ಎಣಿಸಿಯೇ ಹೊಲಿಯಬೇಕು. ದಾರಕ್ಕೆ ಗಂಟು ಹಾಕುವಂತಿಲ್ಲ. ಗೋಪುರ, ತೇರು, ಪಾಲಕಿ, ತುಳಸೀ ವೃಂದಾವನ, ಅಂಬಾರಿಯ ಆನೆ, ನವಿಲು, ಗಿಳಿ, ಬಸವಣ್ಣ, ತೊಟ್ಟಿಲು ಎಲ್ಲವೂ ಎಣಿಕೆಯಿಂದಲೇ ಮೂಡಬೇಕು. ಸೆರಗಿನ ಹತ್ತಿರ ದೊಡ್ಡ ದೊಡ್ಡ ಚಿತ್ರಗಳು; ಒಡಲಿನ ಕಡೆಗೆ ಸಾಗಿದಂತೆ ಅವು ಚಿಕ್ಕವಾಗಿ, ವಿರಳವಾಗಿ, ಕೊನೆಗೆ ಚುಕ್ಕೆಗಳಾಗುತ್ತವೆ.

ಗಾವಂತಿಯ ಕ್ರಮವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಉದಾಹರಣೆಗೆ ನಾಲ್ಕು ಎಳೆ ಮೇಲೆ, ನಾಲ್ಕು ಎಳೆ ಕೆಳಗೆ, ಹೀಗೆ ಸೂಜಿ ಗೆರೆಯುದ್ದಕ್ಕೂ ಹೋಗುತ್ತದೆ. ಆಗ ಕಾಣುವುದು ಪೂರ್ಣ ಗೆರೆಯಲ್ಲ. ಒಂದು ಹೊಲಿಗೆ, ಒಂದು ಖಾಲಿ. ತುದಿ ಮುಟ್ಟಿದ ಮೇಲೆ ಸೂಜಿ ಬಂದ ದಾರಿಯಲ್ಲೇ ಮರಳಬೇಕು. ಮರಳುವಾಗ ಖಾಲಿಗಳೆಲ್ಲ ತುಂಬಿ ಗೆರೆ ಅಖಂಡವಾಗುತ್ತದೆ. ಬಟ್ಟೆಯ ಒಳಮೈಯೂ ಹೊರಮೈಯೂ ಒಂದೇ ಆಗುತ್ತದೆ. ಯುರೋಪಿನಲ್ಲಿ ಇದೇ ಹೊಲಿಗೆಗೆ ಹೋಲ್ಬೈನ್ ಎಂದು ಹೆಸರು. ೧೫೪೩ರಲ್ಲಿ ತೀರಿಕೊಂಡ ಹ್ಯಾನ್ಸ್ ಹೋಲ್ಬೈನ್ ಎಂಬ ಚಿತ್ರಕಾರನು ಬರೆದ ಭಾವಚಿತ್ರಗಳಲ್ಲಿ, ಇಂಗ್ಲೆಂಡಿನ ಗಣ್ಯರ ಅಂಗಿಯ ಕಾಲರು, ತೋಳಿನ ಅಂಚುಗಳ ಮೇಲೆ ಅದು ಅಷ್ಟು ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿ ಹೊಲಿದವಳ ಬದಲು ಚಿತ್ರ ಬರೆದವನ ಹೆಸರು ಉಳಿಯಿತು. ನಮ್ಮಲ್ಲಿ ಹೊಲಿಗೆಗೆ ಯಾರ ಹೆಸರೂ ಅಂಟಲಿಲ್ಲ.

ಈಗ ಆ ಕಪ್ಪು ತುಂಡಿನ ಮಾತು. ಅದರಲ್ಲಿ ಒಂದು ಗೋಪುರ ಪೂರ್ಣವಾಗಿತ್ತು. ನೇಗಿಯಲ್ಲಿ ಎರಡು ಆನೆಗಳು ಪೂರ್ಣವಾಗಿದ್ದವು. ಮೂರನೆಯದಾದ ತೇರು ಮಾತ್ರ ಕಿತ್ತಳೆ ದಾರದ ಚುಕ್ಕಿ ಚುಕ್ಕಿಯ ಗೆರೆಯಾಗಿತ್ತು. ದಾರ ಹರಿದುಹೋಗಿದೆಯೆಂದು ಮೊದಲು ನೋಡಿದವರು ಅಂದುಕೊಂಡರು. ನಮ್ಮಲ್ಲಿ ಗಾವಂತಿ ಬಲ್ಲವರು ಇಬ್ಬರೇ ಇದ್ದರು. ಅವರು ಬಟ್ಟೆಯನ್ನು ತಿರುವಿ ನೋಡಿ ಹೇಳಿದರು: "ಹರಿದಿಲ್ಲ. ಹೋಗಿದ್ದಾಳೆ, ಮರಳಿ ಬಂದಿಲ್ಲ." ಆ ಹೆಣ್ಣುಮಗಳು ತೇರಿನ ಕಳಸದವರೆಗೆ ಹೊಲಿಯುತ್ತ ಹೋಗಿ ಅಲ್ಲಿಗೆ ನಿಲ್ಲಿಸಿದ್ದಳು. ಊರು ಬಿಟ್ಟು ಬಂದ ಜನ ನಾವು. ಆ ಮಾತು ಕೇಳಿ ಆ ದಿನ ಯಾರೂ ಬಹಳ ಹೊತ್ತು ಮಾತನಾಡಲಿಲ್ಲ.

ಮುಗಿಸುವುದು ಹೇಗೆ? ಹಳೆಯ ಕಿತ್ತಳೆಗೆ ಸರಿಹೊಂದುವ ದಾರಕ್ಕಾಗಿ ರವಿವಾರ ಪೇಟೆಯಲ್ಲಿ ಹುಡುಕಿದೆವು. ಸಿಗಲಿಲ್ಲ, ಸಿಗುವಂತೆಯೂ ಇರಲಿಲ್ಲ. ಇದು ತಿಳಿದಿರಬೇಕಾದ ಸಂಗತಿ. ಒಂದೇ ಕಂಪನಿಯ ಒಂದೇ ನಂಬರಿನ ದಾರವಾದರೂ, ಒಂದು ಸಲ ಕುದಿಸಿದ ಬಣ್ಣಕ್ಕೂ ಇನ್ನೊಂದು ಸಲದ ಬಣ್ಣಕ್ಕೂ ಕೂದಲೆಳೆಯಷ್ಟು ಭೇದವಿರುತ್ತದೆ. ಅದರ ಮೇಲೆ ಹಳೆಯ ದಾರ ಬೆಳಕಿಗೆ ಮಾಸಿರುತ್ತದೆ. ಬಹುಮಟ್ಟಿಗೆ ಹೊಂದಿ, ಪೂರ್ತಿ ಹೊಂದದ ಬಣ್ಣದಷ್ಟು ಕಣ್ಣಿಗೆ ಚುಚ್ಚುವಂಥದು ಬೇರೆ ಇಲ್ಲ. ಅದು ಮುಚ್ಚಿಡಲು ಹೋಗಿ ಸಿಕ್ಕಿಬಿದ್ದಂತೆ ಕಾಣುತ್ತದೆ. ಬೇರೆಯದೇ ಬಣ್ಣವನ್ನು ಧೈರ್ಯವಾಗಿ ಇಟ್ಟರೆ ಅದು ಶೋಭಿಸುತ್ತದೆ. ಆದುದರಿಂದ ಮರಳುವ ಹೊಲಿಗೆಯನ್ನು ಹಸಿರು ದಾರದಲ್ಲಿ ಹಾಕುವುದೆಂದು ತೀರ್ಮಾನವಾಯಿತು.

ಫಲ ಏನಾಯಿತೆಂದರೆ, ತೇರಿನ ಒಂದೊಂದು ಗೆರೆಯೂ ಒಂದು ಕಿತ್ತಳೆ, ಒಂದು ಹಸಿರು, ಒಂದು ಕಿತ್ತಳೆ, ಒಂದು ಹಸಿರು ಎಂದು ಮೂಡಿತು. ಬಟ್ಟೆ ತಿರುವಿದರೆ ಕಿತ್ತಳೆಯ ಜಾಗದಲ್ಲಿ ಹಸಿರು, ಹಸಿರಿನ ಜಾಗದಲ್ಲಿ ಕಿತ್ತಳೆ. ಅವಳು ಬಿಟ್ಟ ಖಾಲಿಯಷ್ಟೇ ನಮ್ಮದು; ಒಂದೆಳೆ ಹೆಚ್ಚಿಲ್ಲ, ಒಂದೆಳೆ ಕಡಿಮೆಯಿಲ್ಲ. ಅವಳ ಒಂದು ಹೊಲಿಗೆಯನ್ನೂ ಬಿಚ್ಚಲಿಲ್ಲ. ಆದರೂ ತೇರು ಅವಳು ಎಣಿಸಿಕೊಂಡಿದ್ದ ತೇರಲ್ಲ, ನಮ್ಮ ತೇರೂ ಅಲ್ಲ. ತೇರಿನಾಚೆಗೆ ಖಾಲಿ ಉಳಿದ ಎಡೆಯಲ್ಲಿ ಮಾತ್ರ ನಮ್ಮ ಸ್ವಂತದ್ದನ್ನು ಹಾಕಿದೆವು. ಸಂಪ್ರದಾಯದಂತೆ ಚಿಕ್ಕ ನಕ್ಷತ್ರಗಳು ಬರಬೇಕಾದಲ್ಲಿ ಗಾವಂತಿಯಲ್ಲೇ ಮೂರು ಗಾಲಿಯ ಆಟೋರಿಕ್ಷಾಗಳ ಒಂದು ಸಾಲು! ತೇರಿನ ಹಿಂದೆ ರಿಕ್ಷಾ ಬಂದರೆ ತಪ್ಪೇನು? ಈ ಊರಿನ ಗಣೇಶ ಚತುರ್ಥಿಯಲ್ಲಿ ನಾವು ಪ್ರತಿ ವರ್ಷ ನೋಡುವುದೂ ಅದನ್ನೇ ಅಲ್ಲವೆ?

ಈ ಕೆಲಸ ಮಾಡಬೇಕೆನ್ನುವ ಸೋದರಿಯರಿಗೆ ಕೆಲವು ಉಪಯುಕ್ತ ಮಾತುಗಳು. ಮೊದಲು ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿರಿ. ಎಳೆ ಜಿನುಗಿದ ಜಾಗಗಳು ಕೂಡಲೆ ಕಾಣುತ್ತವೆ. ಮಡಿಕೆಯಲ್ಲಿ ಬಟ್ಟೆ ಹಿಸಿದಿದ್ದರೆ ಅದು ಸೂಜಿಯನ್ನು ತಾಳಲಾರದು. ಹಿಂದೆ ತೆಳುವಾದ ಹತ್ತಿಯ ಬಟ್ಟೆಯೊಂದನ್ನು ಆನಿಸಿ, ಎರಡನ್ನೂ ಕೂಡಿಸಿ ಹೊಲಿಯಬೇಕು. ಎರಡನೆಯದು ಬಣ್ಣದ ಪರೀಕ್ಷೆ. ಬಿಳಿಯ ಅರಿವೆಯನ್ನು ನೀರಿನಲ್ಲಿ ಅದ್ದಿ ಹಿಂಡಿ, ಒಂದೊಂದು ಬಣ್ಣದ ದಾರದ ಮೇಲೂ ಒಳಮೈಯಲ್ಲಿ ಒತ್ತಿರಿ. ಬಿಳಿಗೆ ಬಣ್ಣ ಹತ್ತಿದರೆ ಅದನ್ನು ನೀರಿಗೆ ಹಾಕಬೇಡಿರಿ. ನೆರಳಿನಲ್ಲಿ ಗಾಳಿಗೆ ಹರವಿದರೆ ಸಾಕು. ಹತ್ತದಿದ್ದರೆ ತಣ್ಣೀರಿನಲ್ಲಿ ಸೌಮ್ಯವಾದ ಸಾಬೂನಿನಿಂದಲೋ ಅಂಟುವಾಳದ ನೊರೆಯಿಂದಲೋ ಹಿಂಡದೆ ತೊಳೆದು, ನೆರಳಿನಲ್ಲಿ ಮಲಗಿಸಿ ಒಣಗಿಸಿರಿ. ತೊಳೆಯುವ ಮೊದಲು ಇಸ್ತ್ರಿ ಮಾಡಲೇಬೇಡಿರಿ. ಕಾವು ತಗುಲಿದರೆ ಕಲೆಗಳೂ ಅಚ್ಚಿನ ಗೆರೆಗಳೂ ಕಾಯಮ್ಮಾಗಿ ಕೂಡುವ ಸಂಭವವುಂಟು.

ಬಿಟ್ಟುಹೋದ ಹೊಲಿಗೆಯಲ್ಲಿ ಬಹಳ ಕಡೆ ಸೂಜಿಯೂ ಚುಚ್ಚಿಯೇ ಉಳಿದಿರುತ್ತದೆ. ಅದು ತುಕ್ಕು ಹಿಡಿದು ಬಟ್ಟೆಯನ್ನು ತಿಂದಿರುತ್ತದೆ. ಎಳೆದು ತೆಗೆಯಲು ಅವಸರ ಮಾಡಿದರೆ ತೂತು ದೊಡ್ಡದಾಗುತ್ತದೆ. ಮೆಲ್ಲಗೆ ತಿರುವುತ್ತ ತೆಗೆದು, ಆ ಕಲೆಯ ಮೇಲೆ ಒಂದು ಹೂವೋ ಹಕ್ಕಿಯೋ ಬರುವಂತೆ ಯೋಜಿಸಿಕೊಳ್ಳುವುದು ಮೇಲು. ರಿಂಗು ಹಾಕಿದಲ್ಲಿ ಮೂಡಿದ ಕಂದು ಬಳೆಯೂ ಹಾಗೆಯೇ. ಹೋಗದಿದ್ದರೆ ಅದರ ಗುಂಟ ಒಂದು ಬಳ್ಳಿ ಹಬ್ಬಿಸಬಹುದು.

ಮೂರನೆಯದು, ಒಳಮೈಯನ್ನು ಓದುವುದು. ಹೊರಮೈ ಚಿತ್ರವನ್ನು ತೋರಿಸಿದರೆ ಒಳಮೈ ಹೊಲಿದವಳನ್ನು ತೋರಿಸುತ್ತದೆ. ಗಂಟು ಹಾಕುತ್ತಿದ್ದಳೆ, ದಾರದ ತುದಿಯನ್ನು ಹೊಲಿಗೆಯ ಕೆಳಗೆ ನುಸುಳಿಸುತ್ತಿದ್ದಳೆ? ಒಂದು ಹೂವಿನಿಂದ ಇನ್ನೊಂದಕ್ಕೆ ದಾರವನ್ನು ಕತ್ತರಿಸದೆ ಎಳೆದೊಯ್ದಳೆ? ಹಾಗಿದ್ದರೆ ಅವಳಿಗೆ ಅವಸರವಿತ್ತು. ಆರು ಎಳೆಯ ದಾರದಲ್ಲಿ ಎಷ್ಟು ಎಳೆ ಬಳಸಿದಳು? ಒಂದು ಕಡೆ ಮೂರು ಎಳೆಯಿದ್ದುದು ಮುಂದೆ ಎರಡಾಗಿದ್ದರೆ ದಾರ ತೀರುತ್ತ ಬಂದಿತ್ತೆಂದು ತಿಳಿಯಬೇಕು. ಹೀಗೆ ಅರ್ಧ ಗಂಟೆ ಓದಿದ ಮೇಲೆ, ಮುಂದೆ ಏನು ಮಾಡಬೇಕೆಂಬುದು ಬಟ್ಟೆಯಿಂದಲೇ ಹೊಳೆಯುತ್ತದೆ. ಕಪ್ಪು ಬಟ್ಟೆಯ ಮೇಲೆ ಎಣಿಸಿ ಹೊಲಿಯುವವರು ತೊಡೆಯ ಮೇಲೊಂದು ಬಿಳಿಯ ಅರಿವೆ ಹಾಸಿಕೊಳ್ಳಿರಿ. ಎಳೆಗಳ ನಡುವಿನ ಸಂದು ಬಿಳಿಯಾಗಿ ಕಂಡು ಕಣ್ಣಿಗೆ ಶ್ರಮ ಕಡಿಮೆಯಾಗುತ್ತದೆ.

ಮುಗಿಸುವ ರೀತಿಗಳು ಹಲವು. ಮೇಜುವಸ್ತ್ರವೊಂದರಲ್ಲಿ ದೊಡ್ಡ ಘೇರಿನ ಲಂಗ ತೊಟ್ಟು, ಕೊಡೆ ಹಿಡಿದು, ತೋಟದಲ್ಲಿ ನಿಂತ ಇಂಗ್ಲಿಷ್ ಹೆಂಗಸಿನ ನಕ್ಷೆಯಿತ್ತು. ೧೯೩೦ರ, ೪೦ರ ದಶಕಗಳಲ್ಲಿ ಆ ನಕ್ಷೆ ವಿಲಾಯತಿಯ ಮನೆಮನೆಗಳಲ್ಲಿ ಪ್ರಚಾರದಲ್ಲಿತ್ತು. ಅಚ್ಚಿನ ಕಾಗದಗಳ ಮೂಲಕ ಇಲ್ಲಿಗೂ ಬಂದಿತು. ಹೆಂಗಸು ಪೂರ್ತಿಯಾಗಿದ್ದಳು, ತೋಟ ಬರೀ ನೀಲಿ ಗೆರೆಯಾಗಿತ್ತು. ನಮ್ಮ ಹಿರಿಯ ಸದಸ್ಯೆಯೊಬ್ಬರು ಆ ಗೆರೆಗಳನ್ನು ಲೆಕ್ಕಿಸದೆ ಅಲ್ಲಿ ದಾಸವಾಳ, ಅಬ್ಬಲಿಗೆ, ಬಾಳೆಯ ಗಿಡ ಬೆಳೆಸಿದರು. ನಡುವೆ ಒಂದು ತುಳಸೀಕಟ್ಟೆ. ಈಗ ಆ ದೊರೆಸಾನಿ ನಮ್ಮ ಹಿತ್ತಲಿಗೆ ಬಂದು ದಾರಿ ತಪ್ಪಿದವಳಂತೆ ನಿಂತಿದ್ದಾಳೆ! ನೋಡಿದವರೆಲ್ಲ ನಗುತ್ತಾರೆ. ನಗಿಸುವ ಮೇಜುವಸ್ತ್ರ ಮನೆಯಲ್ಲಿ ಒಂದಿದ್ದರೆ ಒಳ್ಳೆಯದೇ.

ಇನ್ನೊಂದು, ಇಂಚಿಗೆ ಹದಿನಾಲ್ಕು ಚೌಕದ ಬಟ್ಟೆಯ ಮೇಲಿನ ಕ್ರಾಸ್ ಸ್ಟಿಚ್ ಪೊಟ್ಟಣ. ಹಾಲೆಂಡಿನ ಗಾಳಿಗಿರಣಿಯ ಚಿತ್ರ; ಆಕಾಶ ಮಾತ್ರ ಮುಗಿದಿತ್ತು. ಒಂಬತ್ತನೆಯ ಇಯತ್ತೆಯ ಹುಡುಗಿಯೊಬ್ಬಳು ಅದನ್ನು ತೆಗೆದುಕೊಂಡಳು. ರಜೆಯಲ್ಲಿ ಅಜ್ಜಿಯ ಊರಾದ ವಿಜಾಪುರಕ್ಕೆ ಹೋಗಿ ಬಂದಿದ್ದಳು. ಗಿರಣಿಯನ್ನು ಬಿಟ್ಟು ಆ ಆಕಾಶದ ಕೆಳಗೆ ಗೋಲ ಗುಂಬಜವನ್ನು ನಿಲ್ಲಿಸಿದಳು. ಚೌಕದ ಕಾಗದದ ಮೇಲೆ ಆ ಗುಮ್ಮಟದ ದುಂಡನ್ನು ಮೆಟ್ಟಿಲು ಮೆಟ್ಟಿಲಾಗಿ ಬಿಡಿಸಲು ಅವಳಿಗೆ ಮೂರು ವಾರ ಹಿಡಿಯಿತು. ಹಾಲೆಂಡಿನ ಮೋಡ ತುಸು ಹೆಚ್ಚಾಯಿತೆಂದು ಅವಳ ಅಜ್ಜಿ ಹೇಳಿದರಂತೆ. ವಿಜಾಪುರದ ಬಿಸಿಲು ಬಲ್ಲವರು ಹಾಗೆ ಹೇಳುವುದು ಸಹಜ.

ತಲೆದಿಂಬಿನ ಜೋಡಿ ಗವಸನ್ನು ಮಾತ್ರ ನಾವು ಬೇರೆ ರೀತಿ ನೋಡಿದೆವು. ಹೂವು ತುಂಬಿದ್ದರ ಮೂಲೆಯಲ್ಲಿ ಒಂದು ಅಕ್ಷರವಿತ್ತು. ಬರಿದಾಗಿದ್ದುದರಲ್ಲಿ ಅಕ್ಷರ ಬರಬೇಕಾದ ಜಾಗ ಪೆನ್ಸಿಲಿನ ಗೆರೆಯಾಗಿ ಉಳಿದಿತ್ತು, ಅಕ್ಷರವಿರಲಿಲ್ಲ. ಎರಡನೆಯದಕ್ಕೆ ಅದೇ ಹೂವನ್ನು ಬಣ್ಣವಿಲ್ಲದೆ, ಬಿಳಿಯ ಮೇಲೆ ಬಿಳಿಯ ದಾರದಿಂದ ಹೊಲಿದೆವು. ಅಕ್ಷರದ ಜಾಗವನ್ನು ಹಾಗೆಯೇ ಬಿಟ್ಟೆವು. ಮುಗಿಸುವುದೆಂದರೆ ಎಲ್ಲವನ್ನೂ ತುಂಬುವುದಲ್ಲ.

ಈಗ ನಮ್ಮೊಳಗಿನ ವಾದ. ಸದಸ್ಯೆಯೊಬ್ಬರು ಆರಂಭದಲ್ಲೇ ಕೇಳಿದರು: "ಇನ್ನೊಬ್ಬಳ ಕಾಗದದ ಮೇಲೆ ನಾವು ಅಕ್ಷರ ಬರೆದಂತಾಗುವುದಿಲ್ಲವೆ? ಅವಳಿಗಿದು ಒಪ್ಪಿಗೆಯೆಂದು ನಮಗೆ ಹೇಳಿದವರು ಯಾರು?" ಇದು ತಳ್ಳಿಹಾಕುವ ಪ್ರಶ್ನೆಯಲ್ಲ. ಇದಕ್ಕೆ ಉತ್ತರ ಹುಡುಕುತ್ತ ನಾವು ಬೇರೆಯವರು ಏನು ಮಾಡಿದ್ದಾರೆಂದು ನೋಡಿದೆವು.

ನಮ್ಮ ಮನೆಗಳ ಕೌದಿಯನ್ನೇ ನೋಡಿರಿ. ಅಜ್ಜಿಯ ಸೀರೆ, ಅಪ್ಪನ ಧೋತರ, ಕೂಸಿನ ಅಂಗಿ ಎಲ್ಲ ಸೇರಿ ಒಂದು ಹೊದಿಕೆ. ಯಾರ ಒಪ್ಪಿಗೆಯನ್ನೂ ಯಾರೂ ಕೇಳಲಿಲ್ಲ. ಉತ್ತರ ಕನ್ನಡದ ಸಿದ್ದಿ ಹೆಣ್ಣುಮಕ್ಕಳು ಹಳೆಯ ತುಂಡುಗಳಿಂದ ಹೊಲಿಯುವ ಕೌದಿ ಇಂದು ಹೊರದೇಶಗಳಲ್ಲಿಯೂ ಹೆಸರಾಗಿದೆ. ಹೊಲಿದವಳು ಕೊನೆಗೆ ನಾಲ್ಕು ಮೂಲೆಗಳಲ್ಲಿಯೂ ಬಟ್ಟೆಯನ್ನು ಮಡಿಚಿ ಹೂವಿನಂತೆ ಇಟ್ಟಾಗಲೇ ಅದು ಮುಗಿದಂತೆ. ತುಂಡುಗಳು ಯಾರವೇ ಆಗಿರಲಿ, ಆ ಮೂಲೆಯ ಹೂವು ಅವಳದು. ಇಳಕಲ್ಲ ಸೀರೆಯಂತೂ ಮೂಲತಃ ಕೂಡಿಸಿದ ವಸ್ತ್ರವೇ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಕೊಂಡಿ ಹಾಕಿ ಕೂಡಿಸಿ ನೇಯುತ್ತಾರೆ. ಆ ಕೂಡಿಕೆಯನ್ನು ಮುಚ್ಚಿಡುವುದಿಲ್ಲ, ಅದೇ ಅದರ ಅಂದ.

ಫ್ರಾನ್ಸಿನ ಬಾಯೋ ಎಂಬ ಊರಿನ ಹೆಸರಿನ ಪ್ರಸಿದ್ಧ ಕಸೂತಿ ಪಟವೊಂದಿದೆ. ೧೦೬೬ರಲ್ಲಿ ವಿಲಿಯಂ ಇಂಗ್ಲೆಂಡನ್ನು ಗೆದ್ದ ಕಥೆಯನ್ನು ನಾರುಬಟ್ಟೆಯ ಮೇಲೆ ಉಣ್ಣೆಯ ದಾರದಿಂದ ಹೊಲಿದುದು. ಸುಮಾರು ಎಪ್ಪತ್ತು ಮೀಟರು ಉದ್ದ. ಅದರ ಕೊನೆಯ ಭಾಗ ಕಳೆದುಹೋಗಿದೆ. ಯುದ್ಧದಿಂದ ಓಡುವವರ ಚಿತ್ರದಲ್ಲೇ ಕಥೆ ನಿಲ್ಲುತ್ತದೆ. ಆಲ್ಡರ್ನಿ ಎಂಬ ಚಿಕ್ಕ ದ್ವೀಪದ ಜನ ಕೂಡಿ ೨೦೧೩ರಲ್ಲಿ ಅದರ ಅಂತ್ಯವನ್ನು, ವಿಲಿಯಮನ ಪಟ್ಟಾಭಿಷೇಕದವರೆಗೆ, ಅದೇ ಶೈಲಿಯಲ್ಲಿ ಹೊಲಿದು ಮುಗಿಸಿದರು. ಆದರೆ ಗಮನಿಸಿರಿ, ಅದನ್ನು ಮೂಲ ಪಟಕ್ಕೆ ಸೇರಿಸಲಿಲ್ಲ. ಮೂಲ ಮೂಲವಾಗಿಯೇ ಉಳಿಯಿತು, ಇವರದು ಇವರದಾಗಿ ನಿಂತಿತು.

ಅಮೆರಿಕದಲ್ಲಿ ೨೦೨೨ರಲ್ಲಿ ಇಬ್ಬರು ಹೆಣೆಗಾರ್ತಿಯರು ಲೂಸ್ ಎಂಡ್ಸ್ ಎಂಬ ಸಂಸ್ಥೆ ಆರಂಭಿಸಿದರು. ತೀರಿಕೊಂಡವರು, ಕೈ ಸಾಗದಷ್ಟು ಕಾಯಿಲೆಯಾದವರು ಅರ್ಧಕ್ಕೆ ಬಿಟ್ಟ ಹೆಣಿಗೆ ಹೊಲಿಗೆಗಳನ್ನು ಸ್ವಯಂಸೇವಕರು ಮುಗಿಸಿ, ಹಣ ಪಡೆಯದೆ ಮನೆಯವರಿಗೆ ಮರಳಿಸುತ್ತಾರೆ. ಅಲ್ಲಿ ಮುಗಿಸುವವನ ಸ್ವಂತ ಶೈಲಿಗೆ ಎಡೆಯಿಲ್ಲ. ಆರಂಭಿಸಿದವಳ ಮನಸ್ಸಿನಂತೆ ನಡೆಯಬೇಕು. ಮಗಳು ಕಾಯುತ್ತಿರುವುದು ತಾಯಿಯ ಸ್ವೆಟರಿಗಾಗಿ, ಅಪರಿಚಿತರ ಪ್ರತಿಭೆಗಾಗಿ ಅಲ್ಲ.

ಇದರಿಂದ ನಮಗೊಂದು ನಿಯಮ ಹೊಳೆಯಿತು. ಹೊಲಿದವಳು ಯಾರೆಂದು ಗೊತ್ತಿದ್ದರೆ, ಅವಳನ್ನು ನೆನೆಯುವವರು ಇದ್ದರೆ, ಅಲ್ಲಿ ಅವಳ ಇಷ್ಟವೇ ಮೊದಲು. ನೆನೆಯುವವರಿಂದಲೂ ಕಳಚಿ ಪೇಟೆಗೆ ಬಂದ ಬಟ್ಟೆಗೆ ಮಾತ್ರ ನಮ್ಮ ಸ್ವಾತಂತ್ರ್ಯ. ಅಲ್ಲಿಯೂ ಎರಡು ಕಟ್ಟುಗಳು: ಅವಳ ಹೊಲಿಗೆಯನ್ನು ಬಿಚ್ಚಬಾರದು, ನಮ್ಮದೆಲ್ಲಿ ಆರಂಭವಾಯಿತೆಂಬುದನ್ನು ಮುಚ್ಚಬಾರದು. ಇಷ್ಟನ್ನು ಪಾಲಿಸಿದರೆ ನಾವು ಅವಳ ಕಾಗದದ ಮೇಲೆ ಬರೆದವರಾಗುವುದಿಲ್ಲ, ಅವಳ ಕಾಗದಕ್ಕೆ ಉತ್ತರ ಬರೆದವರಾಗುತ್ತೇವೆ.

ಈ ನಿಯಮಕ್ಕೆ ಪರೀಕ್ಷೆಯೂ ಬಂದಿತು. ಪ್ರಶ್ನೆ ಕೇಳಿದ ಆ ಸದಸ್ಯೆಯೇ ಒಂದು ಶನಿವಾರ ತಮ್ಮ ಅತ್ತೆಯವರ ಸೀರೆಯೊಂದನ್ನು ತಂದರು. ಸೆರಗಿನಲ್ಲಿ ತೊಟ್ಟಿಲಿನ ಸಾಲು. ಐದು ಮುಗಿದು ಆರನೆಯದು ಅರ್ಧವಾಗಿತ್ತು. ಅತ್ತೆಯವರು ಹೋಗಿ ಹನ್ನೊಂದು ವರ್ಷ. ಮುಗಿಸಿರೆಂದು ಮನೆಯಲ್ಲಿ ಕೆಲವರು, ಮುಟ್ಟಬೇಡಿರೆಂದು ಕೆಲವರು. ನಾವು ನಿರ್ಣಯ ಕೊಡಲಿಲ್ಲ, ಕೊಡುವವರು ನಾವಲ್ಲ. ಅವರು ಎರಡು ವಾರ ಯೋಚಿಸಿ ಸೀರೆಯನ್ನು ಮುಟ್ಟದೆ ಮಡಿಚಿಟ್ಟರು. ಆದರೆ ಆ ತೊಟ್ಟಿಲಿನ ಎಳೆಗಳನ್ನು ಎಣಿಸಿ ಚೌಕದ ಕಾಗದದ ಮೇಲೆ ಇಳಿಸಿಕೊಂಡರು. ಆರನೆಯ ತೊಟ್ಟಿಲನ್ನು ಅವರ ಮೊಮ್ಮಗಳು ಬೇರೆ ಬಟ್ಟೆಯ ಮೇಲೆ, ತನಗೆ ಬೇಕಾದ ಹಳದಿ ಬಣ್ಣದಲ್ಲಿ ಹೊಲಿಯುತ್ತಿದ್ದಾಳೆ. ಆಲ್ಡರ್ನಿಯವರು ಮಾಡಿದುದೂ ಇದನ್ನೇ.

ಮಕ್ಕಳ ಮಾತು ಬಂದುದರಿಂದ ಒಂದು ಸಂಗತಿಯನ್ನು ಈ ಸಭೆಯಲ್ಲಿ ವಿಶೇಷವಾಗಿ ಹೇಳಬೇಕಾಗಿದೆ. ಕಸೂತಿಗೆ ಎಣಿಕೆ ಬೇಕು. ನಮ್ಮ ಮಕ್ಕಳು ಶಾಲೆಯಲ್ಲಿ ಎಣಿಸುವುದು ಇಂಗ್ಲಿಷಿನಲ್ಲಿ, ಬೀದಿಯಲ್ಲಿ ಮರಾಠಿಯಲ್ಲಿ. ಮನೆಯಲ್ಲಿ ಕನ್ನಡ ಮಾತನಾಡುವ ಮಗುವಿಗೂ ಹತ್ತರಾಚೆ ಕನ್ನಡದ ಎಣಿಕೆ ತೊಡರುತ್ತದೆ. ಶನಿವಾರದ ಕೂಟದಲ್ಲಿ ಹಿರಿಯರು ಎಳೆಗಳನ್ನು ಬಾಯಿಬಿಟ್ಟು ಕನ್ನಡದಲ್ಲಿ ಎಣಿಸುವುದು ವಾಡಿಕೆ. ಪಕ್ಕದಲ್ಲಿ ಕುಳಿತ ಮಗು ಅದೇ ಲೆಕ್ಕದಲ್ಲಿ ಸೂಜಿ ಹಾಕಬೇಕು. ಯಾರೂ ಪಾಠ ಹೇಳಲಿಲ್ಲ, ಯಾರೂ ಗದರಿಸಲಿಲ್ಲ. ಈಗ ಆರೇಳು ಮಕ್ಕಳು ಅರವತ್ತು, ಎಪ್ಪತ್ತರವರೆಗೆ ತಡೆಯಿಲ್ಲದೆ ಎಣಿಸುತ್ತಾರೆ. ಅವರ ಉಚ್ಚಾರದಲ್ಲಿ ಪುಣೆಯ ಎಳೆ ಸೇರಿದೆ ನಿಜ. ಕಿತ್ತಳೆಯ ನಡುವೆ ಹಸಿರು ಸೇರಿದಂತೆ ಅದೂ ಇರಲಿ. ಗೆರೆ ಅಖಂಡವಾದರೆ ಸಾಕು.

ಕೊನೆಗೆ ಎರಡು ಎಚ್ಚರಿಕೆಗಳು. ಹಳೆಯ ಕಾಲದ ಉತ್ತಮ ಕಸೂತಿಯ ಸೀರೆ, ಚಂದ್ರಕಾಳಿಯಂಥದು, ಕೈಗೆ ಸಿಕ್ಕರೆ ಅದಕ್ಕೆ ಸೂಜಿ ಹಚ್ಚುವ ಮೊದಲು ಬಲ್ಲವರಿಗೆ ತೋರಿಸಿರಿ. ಕೆಲವು ವಸ್ತುಗಳು ಇದ್ದಂತೆ ಉಳಿಯುವುದೇ ನಾಡಿಗೆ ಲಾಭ. ಎರಡನೆಯದು, ನಾವು ಮುಗಿಸಿದ ಯಾವುದನ್ನೂ ಮಾರುವುದಿಲ್ಲ. ಧಾರವಾಡದ ಕಸೂತಿಗೂ ಇಳಕಲ್ಲ ಸೀರೆಗೂ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಧಾರವಾಡ ಹುಬ್ಬಳ್ಳಿಗಳ ಸುತ್ತಮುತ್ತ ಇಂದಿಗೂ ಕಸೂತಿಯಿಂದ ಸಂಸಾರ ನಡೆಸುವ ಹೆಣ್ಣುಮಕ್ಕಳಿದ್ದಾರೆ. ದಿನಗಟ್ಟಲೆ ಎಣಿಸಿ ಹೊಲಿದುದಕ್ಕೆ ಅವರಿಗೆ ಬರುವ ಕೂಲಿ ಮೊದಲೇ ಹೆಚ್ಚಿನದಲ್ಲ. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ೧೯೫೨ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಕರಕುಶಲ ಮಂಡಳಿಯ ಮುಖಾಂತರ ದೇಶಕ್ಕೆ ಕಲಿಸಿದ ಪಾಠ, ಕೈಗೆಲಸವನ್ನು ಹೊಗಳಿದರೆ ಸಾಲದು, ಅದರ ಬೆಲೆ ಮಾಡಿದವರ ಕೈ ಸೇರಬೇಕು ಎಂಬುದು. ಹೊಸ ಕಸೂತಿ ಬೇಕಾದವರು ಅವರಿಂದ ಕೊಳ್ಳಿರಿ, ಚೌಕಾಸಿ ಮಾಡದೆ ಕೊಳ್ಳಿರಿ.

ಇಂದು ಹೊರಗಿನ ಪಡಸಾಲೆಯಲ್ಲಿ ಇಪ್ಪತ್ತಮೂರು ವಸ್ತುಗಳನ್ನು ಇಟ್ಟಿದ್ದೇವೆ. ಅಡಿಯ ಅಂಚಿನಲ್ಲಿ ನಾವು ಮುಗಿಸಿದ ವರ್ಷವನ್ನು ಹೊಲಿದಿದೆ. ಅದರ ಎಡಕ್ಕೆ ಅಷ್ಟೇ ಜಾಗ ಖಾಲಿ. ಆರಂಭವಾದ ವರ್ಷ ಅಲ್ಲಿ ಬರಬೇಕು. ಯಾವುದನ್ನಾದರೂ ನೋಡಿ "ಇದು ನಮ್ಮ ಮನೆಯದು, ನಮ್ಮ ಅತ್ತೆಯವರು ಹೊಲಿಯುತ್ತಿದ್ದುದು" ಎಂದು ಗುರುತು ಹಿಡಿದವರಿದ್ದರೆ ಸಂಕೋಚವಿಲ್ಲದೆ ಹೇಳಿರಿ. ಬಟ್ಟೆಯನ್ನು ಅವರಿಗೆ ಒಪ್ಪಿಸುತ್ತೇವೆ, ಆ ವರ್ಷವನ್ನು ಅವರ ಕೈಯಿಂದಲೇ ಹೊಲಿಸುತ್ತೇವೆ. ಅಟ್ಟದ ಮೇಲೆ ಟ್ರಂಕುಗಳಿರುವವರು ಬೋಹಾರೀಣಳನ್ನು ಕರೆಯುವ ಮೊದಲು ಒಮ್ಮೆ ತೆರೆದು ನೋಡಿರಿ. ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಸಂಘದ ಬಾಗಿಲು ತೆರೆದಿರುತ್ತದೆ. ಸೂಜಿ ನಾವು ಕೊಡುತ್ತೇವೆ, ಕನ್ನಡಕವನ್ನು
ಮಾತ್ರ ನೀವೇ ತರಬೇಕು.